ಸಾಕಮ್ಮನಿಗೆ ಹೆಸರಿಟ್ಟವರು

ಕರೆಯೋಲೆ ಕೈಗೆ ಬಂದರೆ ಉಳಿದವರು ಮುಹೂರ್ತ ನೋಡುತ್ತಾರೆ, ಛತ್ರ ಯಾವುದೆಂದು ನೋಡುತ್ತಾರೆ. ನಾನು ಹೆಸರುಗಳನ್ನು ಓದುತ್ತೇನೆ. ವಧೂವರರ ಹೆಸರು, ಅವರ ತಂದೆತಾಯಿಗಳ ಹೆಸರು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿರುವ ಚಿಳ್ಳೆಪಿಳ್ಳೆಗಳ ಹೆಸರು, ಎಲ್ಲವನ್ನೂ ಓದುತ್ತೇನೆ. ಓದಿ ಮುಗಿಸುವಷ್ಟರಲ್ಲಿ ಮದುವೆ ಯಾವತ್ತು ಎಂದು ನೋಡುವುದನ್ನೇ ಮರೆತು ಎಷ್ಟೋ ಒಳ್ಳೆಯ ಊಟಗಳನ್ನು ಕಳೆದುಕೊಂಡಿದ್ದೇನೆ. ತಿಪಟೂರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಲೇ ಕೂದಲು ನೆರೆಸಿಕೊಂಡವಳಿಗೆ ಅಂಟಿದ ಚಟ ಇದು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಮುಖ ಗುರುತು ಸಿಗುವುದಿಲ್ಲ. ಹೆಸರು ಹೇಳಿದರೋ, ಊರು, ಕೇರಿ, ಅವರ ಮನೆಗೆ ಬರುತ್ತಿದ್ದ ವಾರಪತ್ರಿಕೆ ಎಲ್ಲವೂ ನೆನಪಾಗುತ್ತದೆ.

ಮೊನ್ನೆ ದೂರದ ಸಂಬಂಧಿಯೊಬ್ಬಳು ಮಗಳ ನಾಮಕರಣಕ್ಕೆ ಕರೆಯಲು ಬಂದಿದ್ದಳು. ಮಗುವಿನ ಹೆಸರನ್ನು ಮೂರು ಸಲ ಹೇಳಿಸಿಕೊಂಡೆ, ನನ್ನ ನಾಲಗೆಗೆ ಹತ್ತಲಿಲ್ಲ. ಅರ್ಥ ಏನಮ್ಮಾ ಎಂದು ಕೇಳಿದೆ. ಅರ್ಥ ಗೊತ್ತಿಲ್ಲ ದೊಡ್ಡಮ್ಮ, ಕೇಳೋದಕ್ಕೆ ಚೆನ್ನಾಗಿದೆಯಲ್ಲ ಎಂದಳು. ಹಳೆಯ ಕಾಲದವಳಾದ ನಾನು ಆಗ ಮೂಗು ಮುರಿಯಬೇಕಿತ್ತು. ಮುರಿಯಲಿಲ್ಲ. ಪುಣ್ಯವಂತ ಮಗು ಎಂದುಕೊಂಡೆ. ಅರ್ಥವೇ ಇಲ್ಲದ ಹೆಸರು ಯಾರನ್ನೂ ನೋಯಿಸುವುದಿಲ್ಲ. ಅವಳು ಕೊಟ್ಟು ಹೋದ ಅಕ್ಷತೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಗ ನನ್ನ ಅಕ್ಕ ನೆನಪಾದಳು.

ನಮ್ಮ ಸೀಮೆಯ ಹೆಸರುಗಳು ಕೇಳಲು ಚೆನ್ನಾಗಿರಲಿ ಎಂದು ಇಟ್ಟವಲ್ಲ. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬಿದ್ದಿದ್ದನ್ನು ಎತ್ತಿಕೊಂಡು ಬಂದೆವು ಎಂಬಂತೆ ಒಳಗೆ ತಂದು, ತಿಪ್ಪಯ್ಯ ಎಂದು ಕರೆಯುತ್ತಿದ್ದರು. ಕಸದಂಥದ್ದು, ಇದನ್ನು ಯಮ ಯಾಕೆ ಒಯ್ದಾನು ಎಂಬ ಲೆಕ್ಕಾಚಾರ. ಕಲ್ಲಿನ ಹಾಗೆ ಉಳಿಯಲಿ ಎಂದು ಕಲ್ಲಯ್ಯ, ಗುಂಡಮ್ಮ. ನಾನು ವಿಂಗಡಿಸಿದ ಕಾಗದಗಳಲ್ಲಿ ಹೀಗೆ ಸಾವಿಗೆ ಮೋಸ ಮಾಡಲು ಹೊರಟ ಹೆಸರುಗಳು ದಿನಕ್ಕೆ ಹತ್ತಾರು ಬರುತ್ತಿದ್ದವು. ಅವುಗಳಲ್ಲಿ ಕೆಲವಾದರೂ ಗೆದ್ದಿದ್ದವು. ಕಾಗದ ಬರುವಷ್ಟು ಕಾಲ ಬದುಕಿದ್ದರಲ್ಲ. ಇನ್ನು ಹೆಣ್ಣುಮಕ್ಕಳು ಒಂದರ ಹಿಂದೊಂದು ಹುಟ್ಟಿದ ಮನೆಯಲ್ಲಿ ಸಾಕಮ್ಮ. ದೇವರೇ, ಹೆಣ್ಣು ಸಾಕು, ಇನ್ನು ಗಂಡು ಕೊಡು ಎಂದು ಹೇಳುವ ಅರ್ಜಿ ಅದು.

ನಮ್ಮ ಮನೆಯ ಅರ್ಜಿ ನನ್ನ ಮೂರನೆಯ ಅಕ್ಕ. ಮೊದಲನೆಯವಳು ಪಾರ್ವತಮ್ಮ, ಎರಡನೆಯವಳು ಗಿರಿಜಮ್ಮ, ಅವಳು ಈಗಿಲ್ಲ. ಮೂರನೆಯವಳು ಸಾಕಮ್ಮ. ಅರ್ಜಿ ಮಂಜೂರಾಗಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ, ನಾಲ್ಕನೆಯವಳು. ನಾನು ಹುಟ್ಟಿದ ದಿನವೇ ಅವ್ವ ತೀರಿಕೊಂಡಳು. ಸೂತಕ ಕಳೆದ ಮೇಲೆ ಮನೆಗೆ ಬಂದ ಅಯ್ಯನವರು, ಇಂಥ ಕೂಸಿಗೆ ಶುಭದ ಹೆಸರೇ ಇರಲಿ ಎಂದು ಸರ್ವಮಂಗಳ ಎಂದು ಕರೆದರಂತೆ. ಶುಭ ಎನ್ನುವುದು ಪುಸ್ತಕದ ಅರ್ಥ. ಭಜನೆ ಮುಗಿಸುವಾಗ ಮಂಗಳ ಹಾಡುತ್ತಾರಲ್ಲ, ಊರಿನವರ ಬಾಯಲ್ಲಿ ಅದೇ ಅರ್ಥ. ಸಾಕು ಎಂದರೂ ಬಂದಳು, ಬಂದು ಮಂಗಳ ಹಾಡಿದಳು ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡವರು ಇದ್ದರು. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ನಮ್ಮನ್ನು ಬೆಳೆಸಿದಳು.

ನಮ್ಮದು ನೊಣವಿನಕೆರೆಯ ಹತ್ತಿರದ ಹಳ್ಳಿ. ಮನೆ ತುಂಬ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ವರ್ಷ ಕಳೆದ ಮೇಲೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಕಾಯಿ ಅಲ್ಲಾಡಿಸಿ ನೋಡಬೇಕು. ಆ ಕೆಲಸ ಸಾಕಮ್ಮನದು. ಸಣಕಲಿಯಾದ್ದರಿಂದ ತೊಲೆಗಳ ಸಂದಿಯಲ್ಲಿ ನುಸುಳಿ, ಕೆಳಗಿನ ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತು, ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಡಗಡ ಎಂದಿದ್ದು ಕೆಳಕ್ಕೆ, ಸುಮ್ಮನಿದ್ದದ್ದು ಮತ್ತೆ ಮೂಲೆಗೆ. ನಾನು ಏಣಿಯ ಬುಡದಲ್ಲಿ ನಿಂತು ಸೆರಗೊಡ್ಡುವ ಹಾಗೆ ಲಂಗ ಒಡ್ಡುತ್ತಿದ್ದೆ. ಒಮ್ಮೆ ಒಂದು ಕಾಯಿ ಲಂಗ ತಪ್ಪಿ ಹಣೆಗೆ ಬಿತ್ತು. ಆ ಗಾಯದ ಗುರುತಿನ ಮೇಲೆ ಕುಂಕುಮ ಇಟ್ಟುಕೊಂಡೇ ನಾನು ಮದುವೆಯಾದದ್ದು. ಅಟ್ಟದಿಂದ ಇಳಿದು ಬಂದ ಅವಳನ್ನು ಅಜ್ಜಿ ಸಾಕೀ ಎಂದು ಕೂಗುತ್ತಿದ್ದಳು. ಊಟಕ್ಕೆ ಬಡಿಸುವಾಗ ಯಾರಾದರೂ ಸಾಕು ಎಂದರೆ ಅಕ್ಕ ತಲೆಯೆತ್ತುತ್ತಿದ್ದಳು, ತನ್ನನ್ನೇ ಕರೆದರೆಂದು. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಅವಳನ್ನು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆ ತೋಟದ ಮನೆಗೆ ಕೊಟ್ಟರು. ಬಾಳು ಕೆಟ್ಟದ್ದೇನೂ ಆಗಲಿಲ್ಲ. ಗಂಡ ಮಾತು ಕಡಿಮೆಯ ಮನುಷ್ಯ, ಒಬ್ಬನೇ ಮಗ, ಕಾಲುವೆ ನೀರಿನ ಗದ್ದೆ, ಮೇಲೆ ತೆಂಗು. ಗಂಡ ಹೋದ ಮೇಲೂ ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಹೋದ ವರ್ಷ ಗರ್ಭಕೋಶದಲ್ಲಿ ಗಡ್ಡೆ ಎಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಆಪರೇಶನ್ ಆಯಿತು. ತೆಗೆದದ್ದಕ್ಕಿಂತ ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಅವಳ ಮಗನಿಗೆ ಮಾತ್ರ ಹೇಳಿದರು. ಆಸ್ಪತ್ರೆ ಹತ್ತಿರ ಇರಲಿ ಎಂದು ಅವಳನ್ನು ತಿಪಟೂರಿಗೆ, ನನ್ನ ಮನೆಗೆ ಕರೆತಂದೆವು. ನನ್ನ ಯಜಮಾನರು ಹೋದ ಮೇಲೆ ನಾನೊಬ್ಬಳೇ ಇದ್ದ ಮನೆ. ಅವಳು ಬಂದದ್ದು ನನಗೆ ಸಂತೋಷವೇ ಆಗಿತ್ತು. ಬಂದ ಕಾರಣ ನೆನೆದು ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು.

ಪಕ್ಕದ ಮನೆಯಲ್ಲಿ ಬಾಡಿಗೆಗೆ ರಿಟೈರಾದ ನರ್ಸ್ ಒಬ್ಬರಿದ್ದರು. ಚಿಕ್ಕಬಳ್ಳಾಪುರದ ಕಡೆಯ ಕ್ರೈಸ್ತರು, ಹೆಸರು ನವೋಮಿ. ಊರಿನ ಅರ್ಧ ಜನಕ್ಕೆ ಸೂಜಿ ಚುಚ್ಚಿದ ಕೈ ಅದು. ಅವರೇ ದಿನಾ ಬಂದು ಅಕ್ಕನ ಗಾಯಕ್ಕೆ ಬ್ಯಾಂಡೇಜು ಬದಲಾಯಿಸತೊಡಗಿದರು. ನಾಲ್ಕನೆಯ ದಿನವೋ ಐದನೆಯ ದಿನವೋ ಅಕ್ಕ ನನ್ನನ್ನು ಹತ್ತಿರ ಕರೆದು, ಪಾಪ, ಆ ಯಮ್ಮಂಗೆ ನೋವಮ್ಮ ಅಂತ ಹೆಸ್ರಿಟ್ಟವ್ರೆ ಕಣೇ ಎಂದು ಪಿಸುಗುಟ್ಟಿದಳು. ತನಗಿಂತ ಕೆಟ್ಟ ಹೆಸರಿನವರೊಬ್ಬರು ಸಿಕ್ಕಿದರಲ್ಲ ಎಂಬ ಸಮಾಧಾನ ಅವಳ ಮುಖದಲ್ಲಿ ಇತ್ತು. ನಾನು ನಕ್ಕು ಅದನ್ನು ಸಿಸ್ಟರಿಗೆ ಹೇಳಿಬಿಟ್ಟೆ.

ಸಿಸ್ಟರೂ ನಕ್ಕರು. "ನೋವಲ್ಲ ಅಕ್ಕಾ, ನವೋಮಿ. ಇಬ್ರಿಯ ಭಾಷೆ, ಹೀಬ್ರೂ ಅಂತಾರಲ್ಲ, ಅದು. ಸವಿಯಾದವಳು, ಮನಸ್ಸಿಗೆ ಹಿತವಾದವಳು ಅಂತ ಅರ್ಥ."

ಅಕ್ಕನ ಮುಖ ಸಪ್ಪಗಾಯಿತು. ಅದನ್ನು ನೋಡಿಯೋ ಏನೋ ಸಿಸ್ಟರು ಆ ಹೆಸರಿನ ಮೂಲದ ಹೆಂಗಸಿನ ಕತೆಯನ್ನೂ ಹೇಳಿದರು. ಅವರ ಧರ್ಮಗ್ರಂಥದಲ್ಲಿ ಬರುವ ಆ ನವೋಮಿ ಬರಗಾಲಕ್ಕೆ ಊರು ಬಿಟ್ಟು ಗಂಡ ಮಕ್ಕಳೊಂದಿಗೆ ಪರದೇಶಕ್ಕೆ ಹೋದಳಂತೆ. ಅಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಸೊಸೆಯೊಬ್ಬಳನ್ನು ಕಟ್ಟಿಕೊಂಡು ತವರೂರಿಗೆ ವಾಪಸ್ಸು ಬಂದಾಗ ಊರ ಹೆಂಗಸರು ಇವಳು ನವೋಮಿ ಅಲ್ಲವೇ ಎಂದರಂತೆ. ನನ್ನನ್ನು ಹಾಗೆ ಕರೆಯಬೇಡಿ, ಇನ್ನು ಮೇಲೆ ಮಾರಾ ಎಂದು ಕರೆಯಿರಿ ಎಂದಳಂತೆ ಅವಳು. ಮಾರಾ ಎಂದರೆ ಕಹಿ. ಅವಳ ಆ ಇಬ್ಬರು ಮಕ್ಕಳ ಹೆಸರುಗಳಿಗೂ ಕಾಯಿಲೆ, ಸೊರಗು ಎಂಬಂಥ ಅರ್ಥ ಇದೆ ಎಂದು ಸಿಸ್ಟರು ಹೇಳಿದಾಗ ಅಕ್ಕ ತಲೆದೂಗಿದಳು. ನಮ್ಮ ತಿಪ್ಪಯ್ಯನಂಗೇ ಇಟ್ಟವ್ರೆ, ಯಮನ ಕಣ್ಣು ಬೀಳ್ದಿರ್ಲಿ ಅಂತ, ಆದ್ರೂ ಬಿದ್ದದೆ ಎಂದಳು.

ತಮ್ಮ ಗಂಡ ಲಾರಿಗೆ ಸಿಕ್ಕಿ ಹೋದಾಗ ತಾವೂ ಪಾದ್ರಿಗಳ ಹತ್ತಿರ ಹೋಗಿ ನನ್ನ ಹೆಸರು ಬದಲಾಯಿಸಿ ಎಂದು ಕೇಳಿದ್ದಾಗಿ ಹೇಳಿದರು ಸಿಸ್ಟರು. ಪಾದ್ರಿಗಳು, ಮೊದಲು ಮನೆಗೆ ಹೋಗಿ ಎರಡು ತುತ್ತು ಊಟ ಮಾಡಿ ಮಲಗಮ್ಮ ಎಂದರಂತೆ. ಬದಲಾಯಿಸಿದ್ದರೂ ಯಾರೂ ಕರೆಯುತ್ತಿರಲಿಲ್ಲ, ಇಡೀ ಊರಿಗೆ ನಾನು ಸಿಸ್ಟರ್ ಅಷ್ಟೇ ಎಂದು ಸೂಜಿ ಡಬ್ಬಿ ಮುಚ್ಚಿಟ್ಟರು.

ಅಕ್ಕನ ತಲೆಯೊಳಗೆ ಒಂದು ಹುಳ ಹೊಕ್ಕಿದ್ದು ಅವತ್ತು. ಹೆಸರನ್ನು ಬದಲಾಯಿಸಿಕೊಳ್ಳಬಹುದು ಎನ್ನುವುದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆಮೇಲೆ ಮಧ್ಯಾಹ್ನಗಳೆಲ್ಲ ಅದೇ ಮಾತು. ಬ್ಯಾಂಡೇಜಾದ ಮೇಲೆ ಸಿಸ್ಟರು ಕಾಫಿ ಕುಡಿಯಲು ಕೂರುತ್ತಿದ್ದರು, ಅಕ್ಕ ಒಂದೊಂದೇ ಹೆಸರು ಕೇಳುತ್ತಿದ್ದಳು. ತಾಮಾರ ಎಂದರೆ ಖರ್ಜೂರದ ಮರ. ಮರದ ಹೆಸರು ಇಡಬಹುದಾದರೆ ನಮ್ಮ ಸೀಮೆಯಲ್ಲಿ ತೆಂಗಮ್ಮ ಎಂಬವರು ಯಾಕಿಲ್ಲ ಎಂದು ನಾನು ಕೇಳಿದೆ. ದೆಬೋರ ಎಂದರೆ ಜೇನುನೊಣ. ನೊಣವಿನಕೆರೆಯವರು ನಾವು ಹಾಗಾದರೆ ಅವರ ನೆಂಟರೇ ಎಂದು ಅಕ್ಕ. ರಾಹೇಲ ಎಂದರೆ ಹೆಣ್ಣುಕುರಿ ಎಂದು ಕೇಳಿ ನಾವಿಬ್ಬರೂ ನಕ್ಕೆವು. ಇಸಾಕ ಎಂದರೆ ನಗುವವನು. ಮುಪ್ಪಿನಲ್ಲಿ ಬಸಿರಾಗುತ್ತೀ ಎಂದಾಗ ತಾಯಿಗೆ ನಗು ಬಂದಿತ್ತಂತೆ. ಸಮುವೇಲ ಎಂದರೆ ದೇವರು ಕೇಳಿಸಿಕೊಂಡ ಎಂದು ಅರ್ಥ ಹೇಳುವವರಿದ್ದಾರೆ, ಅವನ ತಾಯಿ ಗುಡಿಯಲ್ಲಿ ಅತ್ತು ಬೇಡಿ ಪಡೆದ ಮಗ. ಸಿಮೆಯೋನ, ಇಷ್ಮಾಯೇಲ, ಇವುಗಳ ಹೊಟ್ಟೆಯಲ್ಲೂ ಕೇಳಿಸಿಕೊಂಡ ಎಂಬ ಮಾತೇ ಇದೆಯಂತೆ.

"ಆವಾಗ ಕೇಳುಸ್ಕಂತಿದ್ನೇನೋ ದೇವ್ರು," ಎಂದಳು ಅಕ್ಕ.

ಆ ನಗುವಿನ ನಡುವೆಯೇ ಅವಳು ತನಗೊಂದು ಬೇರೆ ಹೆಸರು ಬೇಕು ಎಂದಳು. ನಾವು ತಮಾಷೆ ಎಂದುಕೊಂಡೆವು. ಭಾನುವಾರ ಮಗ ಸೊಸೆ ಎಳನೀರು ಹೊತ್ತುಕೊಂಡು ಬಂದಾಗ ಅವರಿಗೂ ಹೇಳಿದಳು. ಮಗ ಒಳ್ಳೆಯವನು, ಆಧಾರ್ ಕಾರ್ಡು, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದರಲ್ಲೂ ಇರೋ ಹೆಸರು ಈಗ ಹೆಂಗವ್ವಾ ಬದಲಾಯ್ಸೋದು ಎಂದು ನಿಜವಾಗಿಯೇ ಚಿಂತೆಗೆ ಬಿದ್ದ. ಕಾರ್ಡಿನಲ್ಲಿ ಇರಲಿ, ಕರೆಯುವುದಕ್ಕೆ ಬೇರೆ ಬೇಕು ಎಂದಳು ಅವಳು. ನಾನು ತಿಳಿದವಳಂತೆ ಕೆಲವು ಹೆಸರು ಹೇಳಿದೆ. ಒಂದೂ ಹಿಡಿಸಲಿಲ್ಲ. ಸಾಕು ಅಂದ್ರೆ ಸಾಕುವುದು ಅಂತಲೂ ಇದೆಯಲ್ಲಕ್ಕ, ಸಾಕಮ್ಮ ಅಂದರೆ ಸಾಕಿ ಸಲಹುವ ತಾಯಿ ಅಂತಲೂ ಆಗುತ್ತೆ ಎಂದು ಒಂದು ದಿನ ಸಮಾಧಾನ ಹೇಳಲು ಹೋದೆ. ಅವಳು ನನ್ನನ್ನೇ ನೋಡಿದಳು. ಹುಟ್ಟಿದ ಕೂಸು ಯಾರ್ನ ಸಾಕ್ತದೆ ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಒಂದು ಮಧ್ಯಾಹ್ನ ಸಿಸ್ಟರು ಅದೇ ಗ್ರಂಥದ ಯಾಕೋಬ ಎಂಬವನ ಇಬ್ಬರು ಹೆಂಡಿರ ಕತೆ ಹೇಳಿದರು. ಅಕ್ಕತಂಗಿಯರು. ದೊಡ್ಡವಳು ಲೇಯಾ ಗಂಡನಿಗೆ ಬೇಡವಾದವಳು. ಅವಳು ತನ್ನ ಮಕ್ಕಳಿಗೆ ಇಟ್ಟ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅವಳ ಸಂಸಾರದ ಕತೆಯೇ ಆಗುತ್ತದಂತೆ. ನೋಡಿ, ಮಗ ಎಂದು ಒಬ್ಬನಿಗೆ. ನನ್ನ ಸಂಕಟ ದೇವರಿಗೆ ಕೇಳಿಸಿತು ಎಂದು ಇನ್ನೊಬ್ಬನಿಗೆ. ಇನ್ನಾದರೂ ಗಂಡ ನನ್ನೊಡನೆ ಕೂಡಿರುತ್ತಾನೆ ಎಂದು ಮತ್ತೊಬ್ಬನಿಗೆ. ಚಿಕ್ಕವಳು ರಾಹೇಲ ಎರಡನೆಯ ಹೆರಿಗೆಯಲ್ಲಿ ಸಾಯುತ್ತಾ, ಹುಟ್ಟಿದ ಕೂಸನ್ನು ಬೆನೋನಿ ಎಂದು ಕರೆದಳು, ನನ್ನ ದುಃಖದ ಮಗ ಎಂದು. ಅವಳ ಉಸಿರು ನಿಂತ ಮೇಲೆ ತಂದೆ ಆ ಹೆಸರನ್ನು ಇರಗೊಡಲಿಲ್ಲ. ಬೆನ್ಯಾಮೀನ ಎಂದು ಕರೆದ, ನನ್ನ ಬಲಗೈಯ ಮಗ ಎಂದು.

ಸಿಸ್ಟರಿಗೆ ನನ್ನ ಹುಟ್ಟಿನ ವಿಷಯ ಗೊತ್ತಿರಲಿಲ್ಲ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಹೊರಗೆ ಬಂದಾಗ ಅಕ್ಕ ಬೇರೆ ಏನನ್ನೋ ಹಿಡಿದುಕೊಂಡು ಕೂತಿದ್ದಳು. "ಅಂದ್ರೆ ಸಿಸ್ಟರಮ್ಮ, ನಿಮ್ಮಲ್ಲಿ ಮಕ್ಳಿಗೆ ಹೆಸರಿಡ್ತಿದ್ದೋರು ತಾಯೇನೇ?"

ಬಹಳ ಕಡೆ ತಾಯಿಯೇ ಎಂದರು ಸಿಸ್ಟರು.

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ರಾತ್ರಿ ಮುದ್ದೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಹೇಳಿದಳು: ಅವಳು ಇಷ್ಟು ವರ್ಷವೂ ಆ ಹೆಸರಿಗೆ ಅಪ್ಪನನ್ನೂ ಅಜ್ಜಿಯನ್ನೂ ಬೈದುಕೊಂಡು ಬಂದಿದ್ದಳಂತೆ. ಬೈದುಕೊಂಡು ಹಗುರಾಗುತ್ತಿದ್ದಳಂತೆ. ಅವ್ವ ಇಟ್ಟಿರಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವ್ವ ಸತ್ತಾಗ ಅಕ್ಕನಿಗೆ ನಾಲ್ಕು ವರ್ಷ. ನೆನಪಿನಲ್ಲಿ ಉಳಿದಿದ್ದು ಒಂದು ಹಸಿರು ಸೀರೆಯ ಮಡಿಲು ಮಾತ್ರ. ಆ ಮಡಿಲಲ್ಲಿ ತನ್ನನ್ನು ಬೇಕು ಎಂದವರು ಒಬ್ಬರಾದರೂ ಇದ್ದರು ಎಂದು ನಂಬಿಕೊಂಡಿದ್ದವಳಿಗೆ ಈಗ ಅದೂ ಕೈಬಿಟ್ಟು ಹೋಗುವ ಭಯ. ಅಪ್ಪ ಅಜ್ಜಿ ಇಬ್ಬರೂ ಹೋಗಿ ಎಷ್ಟೋ ಕಾಲವಾಗಿತ್ತು. ಕೇಳಬೇಕಾದರೆ ಉಳಿದಿದ್ದವಳು ಪಾರ್ವತಕ್ಕ ಒಬ್ಬಳೇ. ನಮ್ಮೆಲ್ಲರಿಗಿಂತ ದೊಡ್ಡವಳು, ಅವ್ವ ಇದ್ದಾಗಲೇ ಬುದ್ಧಿ ಬಂದಿದ್ದವಳು, ಚಿಕ್ಕನಾಯಕನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ.

ಫೋನಿನಲ್ಲಿ ಕೇಳೋಣ ಎಂದೆ. ಪಾರ್ವತಕ್ಕನಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ನನಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಹೋಗುವುದು ನನಗೆ ಇಷ್ಟವಿರಲಿಲ್ಲ. ಕೆಲವು ಕಾಯಿಗಳನ್ನು ಒಡೆಯದೆ ಇರುವುದೇ ವಾಸಿ. ಆದರೆ ಅಕ್ಕ ಸೀರೆ ಉಟ್ಟು ಕೂತುಬಿಟ್ಟಿದ್ದಳು. ಒಂದು ಬಾಡಿಗೆ ಕಾರು ಮಾಡಿದೆವು. ದಾರಿಯಲ್ಲಿ ಹೆಚ್ಚುಕಮ್ಮಿಯಾದೀತೆಂದು ಸಿಸ್ಟರೂ ಹೊರಟರು, ಡ್ರೈವರಿನ ಪಕ್ಕ ಮುಂದಿನ ಸೀಟಿನಲ್ಲಿ ಕೂತರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಲ್ಲಿಸಿ ಅಕ್ಕನಿಗೆ ಎರಡು ಗುಟುಕು ಎಳನೀರು ಕುಡಿಸಿದೆವು. ರಸ್ತೆಯ ಎರಡೂ ಕಡೆ ತೆಂಗು. ಎಷ್ಟೋ ಮರಗಳ ಸುಳಿ ಕೆಂಪಗೆ ಒಣಗಿತ್ತು, ರೋಗ. ಅಕ್ಕ ಅವನ್ನೇ ನೋಡುತ್ತಾ ಕೂತಿದ್ದಳು.

ಪಾರ್ವತಕ್ಕ ಜಗಲಿಯ ಮೇಲೆ ಕಾಲು ನೀಡಿಕೊಂಡು ಹೂಬತ್ತಿ ಹೊಸೆಯುತ್ತಿದ್ದಳು. ನಮ್ಮನ್ನು ನೋಡಿ ಅತ್ತಳು, ಸಾಕಮ್ಮನ ತೋಳು ಹಿಡಿದು ಮೂಳೆ ಮುಟ್ಟಿ ಮತ್ತೆ ಅತ್ತಳು. ಸೊಸೆ ತಟ್ಟೆ ಇಟ್ಟಳು. ಊಟದ ಶಾಸ್ತ್ರ ಮುಗಿಯುವವರೆಗೂ ಅಕ್ಕ ತಡೆದುಕೊಂಡಿದ್ದಳು.

"ದೊಡ್ಡಕ್ಕ, ನಂಗೆ ಈ ಹೆಸ್ರು ಇಟ್ಟಿದ್ದು ಯಾರು?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದಳು.

"ಈಗ್ಯಾಕೆ ಬೇಕು ಅದು?"

"ಅವ್ವನಾ?"

ಪಾರ್ವತಕ್ಕ ಹತ್ತಿಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. "ಅವ್ವನೇ ಇಟ್ಟಿದ್ದು ಕಣೇ," ಎಂದಳು.

ಅಕ್ಕ ಗೋಡೆಗೆ ಒರಗಿಕೊಂಡಳು. ಸಿಸ್ಟರು ಅವಳ ಕೈ ಹಿಡಿದುಕೊಂಡರು, ನಾಡಿ ನೋಡುವವರ ಹಾಗೆ. ಪಾರ್ವತಕ್ಕನಿಗೆ ಅದೊಂದೂ ಕಾಣಲಿಲ್ಲ. ಅವಳು ಆಗಲೇ ಆ ಹಳೆಯ ಮನೆಯೊಳಗೆ ಹೋಗಿಬಿಟ್ಟಿದ್ದಳು.

ಅವಳು ಹೇಳಿದ್ದು ಇಷ್ಟು. ಸಾಕಮ್ಮ ಹುಟ್ಟಿದಾಗ ಅವ್ವ ಉಳಿಯುವುದೇ ಕಷ್ಟವಾಗಿತ್ತು. ರಕ್ತ ನಿಲ್ಲಲಿಲ್ಲ. ಇನ್ನೊಂದು ಹೆರಿಗೆ ಈ ಮೈ ತಡೆಯುವುದಿಲ್ಲ ಎಂದು ಸೂಲಗಿತ್ತಿ ಅಜ್ಜಿಗೂ ಹೇಳಿದಳು, ಅಪ್ಪನಿಗೂ ಹೇಳಿದಳು. ಅಜ್ಜಿ, ಮುಂದಿನದು ಗಂಡೇ, ಹರಕೆ ಹೊತ್ತಿದ್ದೇನೆ ಎಂದಳು. ಅಪ್ಪ ಏನೂ ಹೇಳಲಿಲ್ಲ. ತೊಟ್ಟಿಲ ಶಾಸ್ತ್ರದ ದಿನ ಗೌರಮ್ಮ ಎಂದು ಕರೆಯುವುದೆಂದು ಮಾತಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳು ಎಂದು ಅವ್ವನನ್ನು ಕೂರಿಸಿದರು. ಅವ್ವ ಕೂಸಿನ ಕಿವಿಗೆ ಬಾಗಲಿಲ್ಲ. ತಲೆಯೆತ್ತಿ, ಎದುರಿಗೆ ನಿಂತಿದ್ದ ಅಜ್ಜಿಯನ್ನೂ ಅಪ್ಪನನ್ನೂ ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ ಸಾಕಮ್ಮ ಎಂದಳು. ನೆರೆದ ಹೆಂಗಸರು ನಕ್ಕರು. ಒಳ್ಳೆದಾಯಿತು, ದೇವರಿಗೆ ಹೇಳಿದಂಗಾಯ್ತು, ಇನ್ನು ಗಂಡೇ ಆಗ್ತದೆ ಎಂದು ಅಜ್ಜಿಯೂ ಸಂತೋಷಪಟ್ಟಳು. ಅವ್ವ ಮಾತ್ರ ನಗಲಿಲ್ಲ. ಎಷ್ಟೋ ದಿನದ ಮೇಲೆ ಪಾರ್ವತಕ್ಕನಿಗೆ ಜಡೆ ಹಾಕುವಾಗ ಅವ್ವ ಒಂದು ಮಾತು ಹೇಳಿದ್ದಳಂತೆ.

"ನಾ ಹೇಳಿದ್ದು ದೇವ್ರಿಗಲ್ಲ ಕಣೇ ಪಾರ್ವತಿ, ಇವ್ರಿಗೆ ಅಂದ್ಲು. ನಂಗೆ ಅದೇನು ಅರ್ಥ ಆಗ್ಬೇಕು? ಜಡೆ ಎಳ್ದು ನೋಯ್ತಿತ್ತು, ಮೆಲ್ಲಗೆ ಹಾಕವ್ವ ಅಂದೆ."

ಪಾರ್ವತಕ್ಕ ಮತ್ತೆ ಹತ್ತಿಯನ್ನು ಮಡಿಲಿಗೆ ಎಳೆದುಕೊಂಡಳು. ಒಳಗೆ ಸೊಸೆ ಕೊಬ್ಬರಿ ತುರಿಯುವ ಸದ್ದು ಕೇಳಿಸುತ್ತಿತ್ತು. ನಾನು ಅಂಗಳದ ಕಡೆ ನೋಡುತ್ತಾ ಕೂತೆ. ಆ ಮನೆಯಲ್ಲಿ ಅವ್ವನ ಆ ಒಂದು ಮಾತನ್ನು ಯಾರಾದರೂ ಕೇಳಿಸಿಕೊಂಡಿದ್ದರೆ ಅವಳು ಬದುಕಿರುತ್ತಿದ್ದಳು. ಪಾರ್ವತಕ್ಕನಿಗೆ ಜಡೆ ಹಾಕುತ್ತಿದ್ದಳು, ಸಾಕಮ್ಮನನ್ನು ಅಟ್ಟ ಹತ್ತಲು ಬಿಡುತ್ತಿರಲಿಲ್ಲ. ಆ ಹಳೆಯ ಮನೆಯ ಜಗಲಿಯಲ್ಲಿ ಮೂವರು ಅಕ್ಕತಂಗಿಯರು ಇರುತ್ತಿದ್ದರು. ನಾಲ್ಕನೆಯವಳು ಇರುತ್ತಿರಲಿಲ್ಲ.

ಹೊರಡುವಾಗ ಪಾರ್ವತಕ್ಕ ನನ್ನ ಕೈಗೂ ಸಾಕಮ್ಮನ ಕೈಗೂ ಒಂದೊಂದು ಹಿಡಿ ಹೂಬತ್ತಿ ಕೊಟ್ಟಳು. ಕಾರು ಊರು ದಾಟಿತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿದೆ ಎಂದುಕೊಂಡೆ. ಸುಮಾರು ದೂರ ಬಂದ ಮೇಲೆ, ಕಣ್ಣು ತೆರೆಯದೆಯೇ ಮಾತಾಡಿದಳು.

"ಮಂಗ್ಳೀ, ಅವ್ವ ಸಾಕು ಅಂದಿದ್ದು ನನ್ನಲ್ಲ ಕಣೇ."

ನಾನು ಅವಳ ಕಡೆ ತಿರುಗಿದೆ.

"ನಿನ್ನ," ಎಂದಳು.

ಮುಂದಿನ ಸೀಟಿನಲ್ಲಿದ್ದ ಸಿಸ್ಟರು ಹಿಂದೆ ತಿರುಗಿ ನೋಡಿದರು. ಮತ್ತೆ ರಸ್ತೆಯ ಕಡೆ ತಿರುಗಿದರು. ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಎದೆಯ ಮೇಲಿದ್ದ ಭಾರವೊಂದನ್ನು ಕೆಳಗಿಳಿಸಿದವಳ ಆಯಾಸ ಮಾತ್ರ ಇತ್ತು. ಅವಳು ಇಳಿಸಿದ್ದು ನನ್ನ ಮೇಲೆ ಬಿದ್ದಿದೆ ಎಂಬುದು ಅವಳಿಗೆ ತಿಳಿಯಿತೋ ಇಲ್ಲವೋ. ಜೀವಮಾನವೆಲ್ಲ ಅವಳ ಹೆಸರು ಕೇಳಿ ಅಯ್ಯೋ ಪಾಪ ಎಂದುಕೊಂಡವಳು ನಾನು. ನನ್ನ ಹೆಸರಿನ ಶುಭದ ಅರ್ಥವನ್ನು ಗುಟ್ಟಾಗಿ ಹೆಮ್ಮೆಯಿಂದ ಇಟ್ಟುಕೊಂಡವಳು. ಅಯ್ಯನವರು ನನಗೆ ಬಲಗೈಯಂಥ ಹೆಸರು ಕೊಟ್ಟರು ನಿಜ. ಅವ್ವ ಕೊಟ್ಟ ಹೆಸರು ನಾನು ಹುಟ್ಟುವುದಕ್ಕೆ ಮೊದಲೇ ಇತ್ತು, ಅದನ್ನು ಅಕ್ಕ ನನ್ನ ಪರವಾಗಿ ಹೊತ್ತುಕೊಂಡು ತಿರುಗಿದ್ದಳು.

ಅವತ್ತಿನಿಂದ ಅವಳು ಹೆಸರು ಬದಲಾಯಿಸುವ ಮಾತು ಎತ್ತಲಿಲ್ಲ. ಮಗನೇ ಮುಂದಿನ ಭಾನುವಾರ, ಗೌರಮ್ಮ ಅಂತ ಕರೀಲಾ ಅವ್ವ, ನಿಂಗೆ ಅದೇ ಇಡ್ಬೇಕು ಅಂತಿದ್ರಂತಲ್ಲ ಎಂದು ಪ್ರೀತಿಯಿಂದ ಕೇಳಿದ. ನಾನೇ ಅವನಿಗೆ ಹೇಳಿದ್ದೆ.

"ಬ್ಯಾಡ ಬುಡು," ಎಂದಳು. "ಅವ್ವ ಆಡಿದ್ದು ಅಂತ ನಮ್ಮತ್ರ ಉಳ್ದಿರೋದು ಅದೊಂದೇ ಮಾತು. ಇರ್ಲಿ."

ಚಳಿ ಕಳೆಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ನನ್ನ ತೋಟದ ಮನೆಗೆ ಕರ್ಕೊಂಡೋಗಿ ಎಂದು ಹಟ ಹಿಡಿದಳು. ಮಗ ಬಂದು ಕರೆದುಕೊಂಡು ಹೋದ. ಸಿಸ್ಟರು ನೋವಿನ ಮಾತ್ರೆ ಯಾವಾಗ ಎಷ್ಟು ಕೊಡಬೇಕೆಂದು ಸೊಸೆಗೆ ಹೇಳಿಕೊಟ್ಟರು. ಕಾರು ಹೋದ ಮೇಲೆ ಅವರೂ ನಾನೂ ಗೇಟಿನ ಹತ್ತಿರ ನಿಂತಿದ್ದೆವು. ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ಹೀಗೆ ಕಳಿಸಿದ್ದೇನೆ ಮಂಗಳಕ್ಕ, ಯಾರ ಹೆಸರೂ ನೆನಪಿಲ್ಲ, ಬೆಡ್ಡಿನ ನಂಬರಿನಿಂದಲೇ ಕರೀತಿದ್ವಿ ಎಂದರು. ಗೇಟಿನ ಚಿಲಕ ಹಾಕುತ್ತಾ, ಸಾಕಮ್ಮ ಅಂತ ಒಂದು ಸಲವೂ ನಾನು ಕರೀಲಿಲ್ಲ, ಬೇಜಾರಾಗುತ್ತೇನೋ ಅಂತ, ಕರೀಬೇಕಿತ್ತು ಎಂದರು.

ನಾನು ವಾರಕ್ಕೊಮ್ಮೆ ದಬ್ಬೇಘಟ್ಟಕ್ಕೆ ಹೋಗಿಬರುತ್ತಿದ್ದೆ. ಕಾರಿನಲ್ಲಿ ಅವಳು ಆಡಿದ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಬಾರದ್ದರಿಂದಲೇ ಅದು ಸದಾ ಇತ್ತು. ಅವಳ ಬಾಯಿಗೆ ಗಂಜಿ ಹಾಕುವಾಗ ಇತ್ತು, ಸೀರೆ ಬದಲಾಯಿಸುವಾಗ ಇತ್ತು. ನಾನು ಬಂದು ಕೆಟ್ಟದಾಯಿತಲ್ಲಕ್ಕ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೂ ಬಂತು. ಈ ವಯಸ್ಸಿನಲ್ಲಿ ಹಾಗೆ ಕೇಳುವುದು ನಗೆಪಾಟಲು ಎನ್ನಿಸಿ ನುಂಗಿಕೊಂಡೆ.

ಕೊನೆಯ ಸಲ ಹೋದಾಗ ತುರುವೇಕೆರೆಯಲ್ಲಿ ಬಸ್ಸು ತಪ್ಪಿ, ಬಿಸಿಲು ಇಳಿಯುವ ಹೊತ್ತಿಗೆ ಅವಳ ಮನೆ ಮುಟ್ಟಿದೆ. ನಡುಮನೆಯಲ್ಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಣೆಯ ಮೇಲೆ ಕೈ ಇಟ್ಟೆ. ಯಾರೆಂದು ನೋಡದೆಯೇ ಕೈಯನ್ನು ಹಿಡಿದುಕೊಂಡಳು.

"ನೀ ಬಂದಿದ್ದು ಒಳ್ಳೇದಾಯ್ತು ಕಣೇ," ಎಂದಳು.

ತಡವಾಯ್ತಕ್ಕ, ತುರುವೇಕೆರೆಯಲ್ಲಿ ಬಸ್ಸು ಸಿಗಲಿಲ್ಲ ಎಂದೆ.

ಅವಳು ಈ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ನಾನೇ ಮಂಚದ ಆ ಕಡೆಗೆ ಹೋಗಿ ಗೋಡೆಗೂ ಅವಳಿಗೂ ನಡುವೆ ಬಾಗಿ ನಿಂತೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇವತ್ತು ಬಂದಿದ್ದಲ್ಲ ಕಣೇ ನಾ ಹೇಳಿದ್ದು," ಎಂದಳು.

ಸಂಜೆಯ ಬಸ್ಸಿಗೆ ಹಿಂತಿರುಗಬೇಕೆಂದು ಕೈಚೀಲ ಮಾತ್ರ ತಂದಿದ್ದೆ. ಅವಳನ್ನು ತೋಟದ ಮಣ್ಣಿಗೆ ಇಡುವವರೆಗೂ ಅಲ್ಲೇ ಉಳಿದೆ.